ಗಾಜಿನ ಕಡಲು ಮತ್ತು ಪಾಚೀ ಪ್ರಾಮಾಣ್ಯ ವಿಚಾರ

ಮಂಗಳೂರಿನ ಕಡಲಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್ ದೂರ, ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರ ಇರುವ ಬೆಂಗಳೂರಿನ ಫ್ಲ್ಯಾಟೊಂದರ ನಡುಮನೆಯಲ್ಲಿ 200 ಲೀಟರ್ ಸಮುದ್ರ ಇರಲು ಸಾಧ್ಯವೇ ಎಂಬುದು ಈ ಪ್ರಬಂಧದ ಪ್ರಶ್ನೆಯಲ್ಲ. ಇದೆ. ಅದರ ಕರೆಂಟ್ ಬಿಲ್ಲೂ ಇದೆ. ನಮ್ಮ ವಿಚಾರವೆಲ್ಲ ಆ ಸಮುದ್ರದ ಬಂಡೆಗಳನ್ನು ದಿನದಿನಕ್ಕೆ ಮುಚ್ಚುತ್ತಿರುವ ಹಸಿರಿನದು.

ಶಾಸ್ತ್ರಗ್ರಂಥ ಬರೆಯುವವರು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬ ಕಟ್ಟಳೆಯಿದೆ. ನೀರು ಹದಕ್ಕೆ ಬರುವ ಮುಂಚೆಯೇ ಮೀನು ಕೊಂಡುತಂದವನು ಈ ಶಾಸ್ತ್ರಕ್ಕೆ ಅಧಿಕಾರಿ. ವಿಷಯ ನೈಟ್ರೇಟ್. ನೈಟ್ರೇಟಿಗೂ ಪಾಚಿಗೂ ಇರುವುದು ಪೋಷಕ ಪೋಷ್ಯ ಸಂಬಂಧ. ಪ್ರಯೋಜನವೇನೆಂದು ಮನೆಯವರು ಇನ್ನೂ ಕೇಳುತ್ತಿದ್ದಾರೆ.

ಗುರುಪರಂಪರೆ

ಆದಿಗುರು ಒಬ್ಬ ಗೃಹಿಣಿ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಪಾದ್ರಿಯೊಬ್ಬರ ಪತ್ನಿ ಆನಾ ಥಿನ್ 1846ರಲ್ಲಿ ಟಾರ್ಕೀ ಕರಾವಳಿಯಿಂದ ಹವಳಜೀವಿಗಳನ್ನು ಮನೆಗೆ ತಂದು ಸಾಕಿದರು. ನೀರಿಗೆ ಗಾಳಿ ಬೆರೆಯಬೇಕಲ್ಲ? ಮನೆಗೆಲಸದ ಹುಡುಗಿ ಅರ್ಧ ಮುಕ್ಕಾಲು ಗಂಟೆ ತೆರೆದ ಕಿಟಕಿಯ ಮುಂದೆ ನಿಂತು ಆ ಉಪ್ಪುನೀರನ್ನು ಪಾತ್ರೆಯಿಂದ ಪಾತ್ರೆಗೆ ಹುಯ್ಯುತ್ತಿದ್ದಳು. ಅಂದರೆ ಈ ಶಾಸ್ತ್ರದಲ್ಲಿ ಪಂಪು ಹುಟ್ಟುವ ಮೊದಲೇ ಪಂಪಿಗೆ ಸಂಬಳವಿತ್ತು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಿ ಸಿಹಿನೀರಿನ ಪಾತ್ರೆಯಲ್ಲಿ ಮೀನನ್ನೂ ಗಿಡವನ್ನೂ ಕೂಡಿಹಾಕಿ, ಎಲೆ ಕೊಳೆತು ಲೋಳೆ ಕಟ್ಟಿದಾಗ ಬಸವನಹುಳುಗಳನ್ನು ಬಿಟ್ಟು ಬಚಾವಾದ. ಇಂದು ಅಂಗಡಿಯವರು ಕ್ಲೀನ್‌ಅಪ್ ಕ್ರೂ ಎಂದು ಡಜನ್ ಲೆಕ್ಕದಲ್ಲಿ ಮಾರುವುದು ಇದೇ ಹುಳುವಿನ ಕಡಲ ಬಂಧುಗಳನ್ನು. ಮೂರನೆಯ ಗುರು ಇಂಡೋನೇಷ್ಯಾದ ಲೀ ಚಿನ್ ಎಂಗ್. ಜೀವ ತುಂಬಿದ ಕಡಲಬಂಡೆ ಹಾಕಿ, ಗಾಳಿಗುಳ್ಳೆ ಬಿಟ್ಟು, ಉಳಿದದ್ದನ್ನು ಕಡಲಿಗೇ ಬಿಟ್ಟುಬಿಡಿ ಎಂಬರ್ಥದ ಮಾತನ್ನು ಅವರು 1961ರಲ್ಲಿ ಬರೆದರು. ಸುಮ್ಮನಿರಿ ಎನ್ನುವ ಗುರುವಿಗೆ ಶಿಷ್ಯರು ಕಡಿಮೆ. ಉಪಕರಣ ಮಾರುವವರಲ್ಲಂತೂ ಯಾರೂ ಇಲ್ಲ.

ಕಾರಣ ಪ್ರಕರಣ

ಊಟದಿಂದ ಮೀನಿನ ಮಲ, ಮಲದಿಂದ ಅಮೋನಿಯ, ಅಮೋನಿಯದಿಂದ ನೈಟ್ರೈಟ್, ನೈಟ್ರೈಟಿನಿಂದ ನೈಟ್ರೇಟ್, ನೈಟ್ರೇಟಿನಿಂದ ಪಾಚಿ, ಪಾಚಿಯಿಂದ ಚಿಂತೆ, ಚಿಂತೆಯಿಂದ ಅಂಗಡಿ, ಅಂಗಡಿಯಿಂದ ಇನ್ನೊಂದು ಮೀನು, ಮೀನಿನಿಂದ ಮತ್ತೆ ಊಟ. ಈ ಚಕ್ರದಲ್ಲಿ ಮೊದಲ ಭಾಗವನ್ನು ನಡೆಸುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕು. ಅವು ಬಂಡೆಯ ಹೊರಮೈಯಲ್ಲಿ ಕೆಲವು ವಾರಗಳಲ್ಲಿ ನೆಲೆಯೂರುತ್ತವೆ. ನೈಟ್ರೇಟನ್ನು ಒಡೆದು ಸಾರಜನಕ ಅನಿಲವಾಗಿ ಹಾರಿಸಿಬಿಡುವ ಇನ್ನೊಂದು ಪಂಗಡಕ್ಕೆ ಆಮ್ಲಜನಕ ಕೂಡದು. ಅವು ಬಂಡೆಯ ಒಳರಂಧ್ರಗಳಲ್ಲಿ, ಮರಳಿನ ಆಳದಲ್ಲಿ ಮಾತ್ರ ಕೆಲಸ ಮಾಡುತ್ತವೆ. ಒಂದೇ ಬಂಡೆಯಲ್ಲಿ ಎರಡು ಮಡಿ. ಹೊರಗಿನವರು ಹಗಲಿರುಳು ನೈಟ್ರೇಟ್ ತಯಾರಿಸುತ್ತಾರೆ, ಒಳಗಿನವರು ತಮ್ಮ ಬಿಡುವಿಗೆ ತಕ್ಕಂತೆ ಕರಗಿಸುತ್ತಾರೆ. ಮಿಕ್ಕದ್ದು ನಮ್ಮ ವಿಷಯ.

ಇಲ್ಲಿ ಪೂರ್ವಪಕ್ಷದವರು ನೈಟ್ರೇಟಿಗೆ ಮೀನೇ ಕಾರಣ ಎನ್ನುತ್ತಾರೆ. ತಪ್ಪು. ಮೀನು ಹಾದಿ ಮಾತ್ರ. ಉಪಾದಾನ ಕಾರಣ ಆಹಾರ. ನಿಮಿತ್ತ ಕಾರಣ ಕರುಣೆ. ಇದು ನಮ್ಮ ಸಿದ್ಧಾಂತ. ಊರಿಂದ ಬಂದ ಸೋದರತ್ತೆ ಟ್ಯಾಂಕಿನ ಮುಂದೆ ಕುರ್ಚಿ ಎಳೆದುಕೊಂಡು ಕೂತು, "ನೋಡೇ, ಹೆಂಗೆ ಬಾಯಿ ಬಿಡ್ತದೆ! ಹಸಿವಾಗಿರಬೇಕು ಪಾಪ, ಒಂದು ಚಿಟಿಕೆ ಹಾಕೇ" ಎನ್ನುವಾಗ ಶಾಸ್ತ್ರ ಸೋಲುತ್ತದೆ. ಮೀನು ಬಾಯಿ ತೆರೆದು ಮುಚ್ಚುವುದು ಕಿವಿರಿಗೆ ನೀರು ಹಾಯಿಸಲು, ಅದು ಉಸಿರಾಟ ಎಂದು ವಿವರಿಸಿದರೆ, "ಉಸಿರಾಡೋಕೂ ಹೊಟ್ಟೇಲಿ ಏನಾದ್ರೂ ಇರಬೇಕಲ್ಲ" ಎಂಬ ಉತ್ತರ ಬರುತ್ತದೆ. ಇದನ್ನು ಖಂಡಿಸುವ ಯುಕ್ತಿ ಯಾವ ದರ್ಶನದಲ್ಲೂ ಸಿಕ್ಕಿಲ್ಲ.

ಅಭಾವ ಪ್ರಕರಣ

ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂದು ತಾರ್ಕಿಕರ ಬೆಟ್ಟದ ಮೇಲೆ ಶತಮಾನಗಳಿಂದ ಹೊಗೆಯಾಡುತ್ತಿದೆ. ಎಲ್ಲಿ ಪಾಚಿಯೋ ಅಲ್ಲಿ ನೈಟ್ರೇಟ್ ಎಂಬ ವ್ಯಾಪ್ತಿಯನ್ನು ನಾವೂ ಧೈರ್ಯವಾಗಿ ಸಾರುತ್ತಿದ್ದೆವು, ಟೆಸ್ಟ್ ಕಿಟ್ ಇಲ್ಲದಿದ್ದರೆ. ಬಂಡೆಯೇ ಕಾಣದಷ್ಟು ಪಾಚಿ. ಗಾಜಿನ ಕೊಳವೆಗೆ ನೀರು ತುಂಬಿ, ಹನಿ ಹಾಕಿ, ಕುಲುಕಿ, ಕಾದು ನೋಡಿದರೆ ನೈಟ್ರೇಟ್ ಸೊನ್ನೆ. ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಜಗಳ. ಹೊಸಬರು ಇಲ್ಲಿ ಕಿಟ್ಟನ್ನು ಬಯ್ಯುತ್ತಾರೆ. ಬಲ್ಲವರು ಸೊನ್ನೆ ಯಾವ ಜಾತಿಯದೆಂದು ವಿಚಾರಿಸುತ್ತಾರೆ. ಅಭಾವ ನಾಲ್ಕು ವಿಧ ಎಂದು ನ್ಯಾಯಶಾಸ್ತ್ರ ಹೇಳಿಟ್ಟಿದೆ. ನಾಲ್ಕೂ ನಮ್ಮ ಟ್ಯಾಂಕಿನಲ್ಲಿ ಸಿಗುತ್ತವೆ.

ಒಂದು, ಪ್ರಾಗಭಾವ. ವಸ್ತು ಹುಟ್ಟುವ ಮುಂಚಿನ ಇಲ್ಲದಿರುವಿಕೆ. ಟ್ಯಾಂಕಿಗೆ ನೀರು ತುಂಬಿ ವಾರವಾಗಿದೆ, ಬ್ಯಾಕ್ಟೀರಿಯಾ ಇನ್ನೂ ನೆಲೆಯೂರಿಲ್ಲ, ಆದ್ದರಿಂದ ನೈಟ್ರೇಟ್ ಇಲ್ಲ. ಮಾಲೀಕ ಹಿಗ್ಗುತ್ತಾನೆ. ಅದರ ಬದಲು ಅಮೋನಿಯ ಇರುತ್ತದೆ, ಅದನ್ನು ಅವನು ಅಳೆದಿರುವುದಿಲ್ಲ. ಮರಳಿನ ಮೇಲೆ ಕಂದು ಪುಡಿ ಉದುರಿದ ಹಾಗೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಬರುವುದೂ ಈ ಕಾಲದಲ್ಲೇ. ಅದು ತಾನಾಗಿ ಬಂದು ತಾನಾಗಿ ಹೋಗುತ್ತದೆ. ಹೋದ ವಾರ ಕೊಂಡ ಔಷಧಿಗೆ ಅದರ ಕೀರ್ತಿ ಸಲ್ಲುತ್ತದೆ.

ಎರಡು, ಪ್ರಧ್ವಂಸಾಭಾವ. ಹುಟ್ಟಿದ್ದು ನಾಶವಾಗಿ ಇಲ್ಲವಾದದ್ದು. ಮೇಲಿನ ಜಗಳಕ್ಕೆ ಪರಿಹಾರ ಇಲ್ಲಿದೆ: ನೈಟ್ರೇಟ್ ಹುಟ್ಟುತ್ತಲೇ ಇದೆ, ಪಾಚಿ ತಿನ್ನುತ್ತಲೇ ಇದೆ. ಕಿಟ್ ಲೆಕ್ಕ ಹಾಕುವುದು ನೀರಿನಲ್ಲಿ ಉಳಿದದ್ದನ್ನು ಮಾತ್ರ. ಪಂಕ್ತಿ ಎದ್ದ ಮೇಲೆ ಬರಿದಾದ ಎಲೆ ನೋಡಿ ಇವತ್ತು ಅಡುಗೆಯೇ ಆಗಿಲ್ಲ ಎಂದರೆ ಹೇಗೋ ಹಾಗೆ.

ಮೂರು, ಅತ್ಯಂತಾಭಾವ. ಇದು ಅತಿ ಶುದ್ಧರಿಗೆ ಬರುವ ಗ್ರಹಚಾರ. ನೈಟ್ರೇಟೂ ಇರಬಾರದು, ಫಾಸ್ಫೇಟೂ ಇರಬಾರದು ಎಂದು ಎಲ್ಲವನ್ನೂ ಸೋಸಿ ಹಿಂಡಿದ ನೀರಿನಲ್ಲಿ ಸಾಮಾನ್ಯ ಪಾಚಿಗೂ ಬ್ಯಾಕ್ಟೀರಿಯಾಕ್ಕೂ ಆಹಾರ ತಪ್ಪುತ್ತದೆ. ಅವು ಬಿಟ್ಟ ಜಾಗಕ್ಕೆ ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ ಬರುತ್ತದೆ. ಕಂದು ಸಿಂಬಳದ ಎಳೆ, ಎಳೆಯ ತುದಿಗೊಂದು ಗುಳ್ಳೆ. ಕೆಲವು ಜಾತಿಗಳಲ್ಲಿ ವಿಷವಿದ್ದು ಬಸವನಹುಳುಗಳು ಸಾಯುತ್ತವೆ. ಚಿಕಿತ್ಸೆಯಲ್ಲಿ ಮೂರು ದಿನ ಟ್ಯಾಂಕಿಗೆ ಕಂಬಳಿ ಹೊದೆಸಿ ಕತ್ತಲು ಮಾಡುವುದು ಒಂದಾದರೆ, ಕಡಿಮೆಯಾದ ನೈಟ್ರೇಟನ್ನು ಹೊರಗಿನಿಂದ ಹಾಕುವುದು ಇನ್ನೊಂದು. ನೈಟ್ರೇಟ್ ತೆಗೆಯಲು ಒಂದು ವರ್ಷದ ಬೋನಸ್ ಖರ್ಚು ಮಾಡಿದ ಗೃಹಸ್ಥ ಸೋಡಿಯಂ ನೈಟ್ರೇಟ್ ಕೊಳ್ಳಲು ಹೊರಡುವ ದೃಶ್ಯವನ್ನು ವಿದ್ವಾಂಸರು ಊಹಿಸಿಕೊಳ್ಳಬೇಕು.

ನಾಲ್ಕು, ಅನ್ಯೋನ್ಯಾಭಾವ. ಇದು ಅದಲ್ಲ, ಅದು ಇದಲ್ಲ. ಕೊಳವೆಯ ಬಣ್ಣ ಕಾರ್ಡಿನಲ್ಲಿರುವ 5ರ ಬಣ್ಣವಲ್ಲ, 10ರದೂ ಅಲ್ಲ. ಟ್ಯೂಬ್‌ಲೈಟಿನಲ್ಲಿ ಒಂದು ಗುಲಾಬಿ, ಬಾಲ್ಕನಿಯಲ್ಲಿ ಇನ್ನೊಂದು. ಮಗಳನ್ನು ಕರೆದು ಕೇಳಿದರೆ ಕಿತ್ತಳೆ ಎನ್ನುತ್ತಾಳೆ. ಕಿಟ್ಟಿನ ಅವಧಿ ಮುಗಿದಿದೆ ಎಂಬುದನ್ನು ಯಾರೂ ಓದಿರುವುದಿಲ್ಲ.

ಮತ ಖಂಡನ

ಜಲಪರಿವರ್ತನವಾದಿಗಳು ವಾರಕ್ಕೆ ಶೇಕಡಾ 20ರಷ್ಟು ನೀರು ಬದಲಿಸಿದರೆ ಎಲ್ಲವೂ ಸರಿ ಎನ್ನುತ್ತಾರೆ. ಲೆಕ್ಕ ಮಾಡೋಣ. ನೈಟ್ರೇಟ್ ಲೀಟರಿಗೆ 50 ಮಿಲಿಗ್ರಾಮ್ ಇದೆ, ವಾರಕ್ಕೆ 5 ಹುಟ್ಟುತ್ತದೆ. ವಾರದ ಕೊನೆಗೆ 55, ಬದಲಿಸಿದ ಮೇಲೆ 44. ಮುಂದಿನ ವಾರ 49, ಆಮೇಲೆ 39ರ ಸುಮಾರು. ಹೀಗೇ ಇಳಿಯುತ್ತ ಇಳಿಯುತ್ತ 20ರ ಬಳಿ ಬಂದು ಕೂತುಬಿಡುತ್ತದೆ. ಯಾಕೆಂದರೆ ಅಲ್ಲಿ ಹುಟ್ಟುವ 5ಕ್ಕೂ ತೆಗೆಯುವ 5ಕ್ಕೂ ಸಮನಾಯಿತು. ಜೀವಮಾನವಿಡೀ ಬಕೆಟ್ ಹೊತ್ತರೂ ಅದಕ್ಕಿಂತ ಕೆಳಗಿಳಿಯದು. ಇಳಿಸಬೇಕಾದರೆ ಬಕೆಟ್ ದೊಡ್ಡದಾಗಬೇಕು, ಇಲ್ಲವೇ ಚಿಟಿಕೆ ಸಣ್ಣದಾಗಬೇಕು. ಇದೂ ಹೊಸ ನೀರು ಶುದ್ಧವಾಗಿದ್ದರೆ ಮಾತ್ರ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಮ್‌ವರೆಗೆ ನೈಟ್ರೇಟ್ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ, ನಮ್ಮ ರಾಜ್ಯದ ಎಷ್ಟೋ ಬೋರ್‌ವೆಲ್‌ಗಳು ಅದನ್ನೂ ದಾಟಿವೆ. ಹವಳ ದಿಬ್ಬಗಳ ಮೇಲಿನ ಕಡಲನೀರಿನಲ್ಲಿ ಸಾಮಾನ್ಯವಾಗಿ 1 ಮಿಲಿಗ್ರಾಮೂ ಇರುವುದಿಲ್ಲ. ಹೀಗಾಗಿ ಮನೆಯ ಮಂದಿ ಬೋರಿನ ನೀರು ಕುಡಿದು, ಹವಳಕ್ಕೆ ಆರ್‌ಓ ದಾಟಿಸಿ ಮೇಲೆ ಅಯಾನುಗಳನ್ನೂ ಹಿಡಿದು ತೆಗೆದ ನೀರನ್ನು ನೈವೇದ್ಯ ಮಾಡುವ ಆಚಾರ ಬಳಕೆಗೆ ಬಂತು.

ಸುರಾವಾದಿಗಳ ಮತ ಕೇಳಲು ಅಸಭ್ಯ, ನೋಡಿದರೆ ಯುಕ್ತಿಯುಕ್ತ. ಟ್ಯಾಂಕಿನ ಬ್ಯಾಕ್ಟೀರಿಯಾಗಳಿಗೆ ಸಾರಜನಕ, ರಂಜಕ ಧಾರಾಳ, ಇಂಗಾಲದ ಕೊರತೆ. ಸಾದಾ ವೋಡ್ಕಾದ ಎಥನಾಲ್ ಆ ಕೊರತೆ ತುಂಬುತ್ತದೆ. ಅವು ಮೈ ಬೆಳೆಸುವ ಭರದಲ್ಲಿ ನೈಟ್ರೇಟನ್ನೂ ಫಾಸ್ಫೇಟನ್ನೂ ಹೀರುತ್ತವೆ, ಸ್ಕಿಮ್ಮರ್ ಅವನ್ನು ನೊರೆಯೊಡನೆ ಎತ್ತಿ ಹೊರಗಿನ ಬಟ್ಟಲಿಗೆ ತಳ್ಳುತ್ತದೆ. ಪ್ರಮಾಣ ಹನಿಗಳಲ್ಲಿ. ಕೈ ಜಾರಿದರೆ ನೀರು ಹಾಲಾಗಿ ಆಮ್ಲಜನಕ ಇಳಿದು, ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಸೋದರತ್ತೆ ಮತ್ತೆ ಊಟ ಹಾಕುತ್ತಾರೆ. ಮನೆಯಲ್ಲಿ ಹಿರಿಯರಿದ್ದರೆ ವಿನೆಗರ್ ಎಂಬ ಪಾಠಾಂತರವನ್ನು ಹಿಡಿಯಬಹುದು, ಅದೂ ಕೆಲಸ ಮಾಡುತ್ತದೆ. ಆದರೂ ಮೀನಿನ ಟ್ಯಾಂಕಿಗೆಂದು ಬಾಟಲಿ ತಂದೆ ಎನ್ನುವ ಮಾತನ್ನು ಯಾವ ಮನೆಯಲ್ಲೂ ಒಂದೇ ಸಲಕ್ಕೆ ನಂಬಿದ್ದಿಲ್ಲ.

ಪಾಚಿಯಿಂದಲೇ ಪಾಚಿಯ ನಿಗ್ರಹ ಎಂಬುದು ಮೂರನೆಯ ಮತ, ನಮಗೆ ಪ್ರಿಯವಾದದ್ದು. ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ 1980ರ ಸುಮಾರಿಗೆ ಪಾಚಿಯ ಹಾಸನ್ನೇ ಶೋಧಕವಾಗಿಟ್ಟು ಹವಳದ ಟ್ಯಾಂಕ್ ನಡೆಸಿ ತೋರಿಸಿದರು. ಇಂದಿನ ಮನೆಗಳಲ್ಲಿ ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಇನ್ನೊಂದು ತೊಟ್ಟಿಯಿಟ್ಟು ಕೀಟೊಮಾರ್ಫಾ ಎಂಬ ಜಾತಿಯನ್ನು ಸಾಕುತ್ತಾರೆ. ಮೇಲಿನ ದೀಪ ಆರಿದಾಗ ಕೆಳಗಿನದು ಉರಿಯುತ್ತದೆ. ರಾತ್ರಿ ಇಂಗಾಲಾಮ್ಲ ಏರಿ ಪಿಎಚ್ ಕುಸಿಯುವುದನ್ನೂ ಅದು ತಡೆಯುತ್ತದೆ. ಕೆಳಗಿನದು ಸೊಂಪಾಗಿ ಬೆಳೆದಷ್ಟೂ ಮೇಲಿನದು ಸೊರಗುತ್ತದೆ. ತಿಂಗಳಿಗೊಮ್ಮೆ ಹಿಡಿ ಹಿಡಿ ಕಿತ್ತು ಹೊರಹಾಕಿದಾಗಲೇ ನೈಟ್ರೇಟ್ ನಿಜವಾಗಿ ಮನೆ ಬಿಟ್ಟು ಹೊರಟಂತೆ. ಮೇಲೆ ಪಾಚಿ ಬೆಳೆದರೆ ಅಳುವವನು ಕೆಳಗೆ ಬೆಳೆಯದಿದ್ದರೆ ಅಳುತ್ತಾನೆ. ಇದರಲ್ಲಿ ವಿರೋಧವಿಲ್ಲ, ಅಧಿಕರಣ ಭೇದವಿದೆ.

ಕಬ್ಬಿಣದ ಆಕ್ಸೈಡಿನ ಹರಳು ಫಾಸ್ಫೇಟ್ ಹಿಡಿಯುತ್ತದೆ, ಬ್ರಯಾಪ್ಸಿಸ್ ಎಂಬ ಗರಿಪಾಚಿಗೆ ಶಿಲೀಂಧ್ರ ಸೋಂಕಿನ ಫ್ಲುಕೊನಜೋಲ್ ಮಾತ್ರೆ ಹಾಕುವವರಿದ್ದಾರೆ. ಇವೆಲ್ಲ ವೈದ್ಯಶಾಸ್ತ್ರದ ವಿಷಯ, ಇಲ್ಲಿ ಚರ್ಚಿಸುವುದಿಲ್ಲ.

ಮೇಯುವವರನ್ನೇ ನಂಬಿ ಎನ್ನುವವರಿಗೆ ಮಾತ್ರ ಒಂದು ದೃಷ್ಟಾಂತ ಹೇಳಬೇಕು. ಕೆರಿಬಿಯನ್ ಕಡಲಿನ ಹಲವೆಡೆ ಪಾಚಿ ಮೇಯುವ ಮೀನುಗಳನ್ನು ಜನ ಹಿಡಿದು ಮುಗಿಸಿದ್ದರು. ಉದ್ದ ಮುಳ್ಳಿನ ಕಡಲಚೆಂಡು, ಡಯಾಡೆಮಾ, ಬಹುಮಟ್ಟಿಗೆ ಒಂದೇ ಆ ಕೆಲಸ ಮಾಡುತ್ತಿತ್ತು. 1983ರಲ್ಲಿ ಪನಾಮಾದ ಬಳಿ ಶುರುವಾದ ರೋಗ ಒಂದು ವರ್ಷದಲ್ಲಿ ಅವುಗಳಲ್ಲಿ ಶೇಕಡಾ 90ಕ್ಕೂ ಹೆಚ್ಚನ್ನು ಕೊಂದಿತು. ಜಮೈಕಾದ ಹವಳದ ಮೇಲೆ ಪಾಚಿ ಹೊದಿಕೆಯಾಯಿತು. ಇಡೀ ಕಡಲಿಗೇ ಒಂದು ಆಳನ್ನು ನಂಬಿದ್ದರ ಫಲ ಅದಾದರೆ, ತಲೆಕೆಳಗಾಗಿ ಬಿದ್ದರೆ ಎಷ್ಟೋ ಸಲ ತಿರುಗಿ ಏಳಲಾರದ ಟರ್ಬೋ ಬಸವನಹುಳುವನ್ನು ನಂಬಿದವನಿಗೆ ಏನಾದೀತು? ಅದು ಬಂಡೆಯ ಹಿಂದೆ ಸತ್ತು ಕೊಳೆತು ತಾನೇ ಅಮೋನಿಯವಾಗುತ್ತದೆ. ಸೇವಕ ಉಪಾದಾನ ಕಾರಣದಲ್ಲಿ ಲೀನವಾದನೆಂದು ತಿಳಿಯಬೇಕು.

ಶಂಕೆ

ಹವಳ ಎಂಬುದು ಪ್ರಾಣಿಯೇ? ಕಾನೂನು ಹೌದೆನ್ನುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯಿದ್ದಂತೆ ಕಲ್ಲುಹವಳವೂ ಇದೆ. ನೇತ್ರಾಣಿ ದ್ವೀಪದ ಬುಡದಲ್ಲಿ ಮುಳುಗಿ ನೋಡಿ ಬರಬಹುದು, ಮುರಿದು ತಂದರೆ ಕೇಸು. ಆದರೆ ಆ ಪ್ರಾಣಿಯ ಅಂಗಾಂಶದೊಳಗೆ ಜೂಕ್ಸಾಂತೆಲೆ ಎಂಬ ಏಕಕೋಶ ಪಾಚಿ ವಾಸವಾಗಿದೆ. ಬಿಸಿಲು ಉಂಡು ಅದು ತಯಾರಿಸುವ ಸಕ್ಕರೆಯಲ್ಲೇ ಹವಳದ ಸಂಸಾರ ನಡೆಯುವುದು, ಮೈಬಣ್ಣವೂ ಬಹುಮಟ್ಟಿಗೆ ಅದರದ್ದೇ. ಆ ಪಾಚಿ ಸೇರಿರುವ ಗಣವೇ ಡೈನೊಫ್ಲಾಜೆಲೇಟ್, ಮೇಲೆ ಸಿಂಬಳವೆಂದು ಬಯ್ದದ್ದರ ದಾಯಾದಿ. ನೀರು ಬಿಸಿಯಾಗಿ ಅದು ಹೊರಬಿದ್ದರೆ ಹವಳ ಬಿಳಿಚಿಕೊಳ್ಳುತ್ತದೆ. 2024ರ ಬೇಸಗೆಯಲ್ಲಿ ಲಕ್ಷದ್ವೀಪದಲ್ಲಿ ಆದದ್ದು ಅದೇ. ಹಾಗಾದರೆ ಒಂದೂ ಪಾಚಿಯಿಲ್ಲದ ರೀಫ್ ಬೇಕೆನ್ನುವವನು ಬೇಡುತ್ತಿರುವುದು ಬಿಳಿ ಸುಣ್ಣದ ಗುಡ್ಡೆಯನ್ನು. ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1ರ ಒಳಗಿದ್ದರೆ ಮೂಗು ತೂರಿಸಬಾರದೆಂಬುದು ಇಂದಿನ ಶಿಷ್ಟರ ಮತ.

ಪ್ರವಾಸ ಪ್ರಕರಣ

ಹಬ್ಬಕ್ಕೆ ಊರಿಗೆ ಹೊರಟಾಗ ಮೀನಿಗೆ ಊಟ ಯಾರು ಹಾಕಬೇಕು? ಯಾರೂ ಬೇಡ. ಆರೋಗ್ಯವಾಗಿರುವ ಬೆಳೆದ ಮೀನು ಎರಡು ಮೂರು ದಿನ ಉಪವಾಸವಿದ್ದರೆ ಏನೂ ಆಗದು. ಅದಕ್ಕೂ ಹೆಚ್ಚು ದಿನವಾದರೆ ದಿನಕ್ಕೊಂದರಂತೆ ಅಳೆದ ಪೊಟ್ಟಣ ಕಟ್ಟಿ ಪಕ್ಕದ ಮನೆಯವರಿಗೆ ಕೊಡತಕ್ಕದ್ದು. ಪೊಟ್ಟಣದ ಮೇಲೆ ತಾರೀಕು ಬರೆಯತಕ್ಕದ್ದು. ಊಟದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿಕೈಯನ್ನು ಜೊತೆಗೇ ಒಯ್ಯತಕ್ಕದ್ದು. ಪಕ್ಕದ ಮನೆಯವರು ಕರುಣಾಳುಗಳೆಂದು ಹೆಸರಾಗಿದ್ದರೆ ಬಿಸ್ಕತ್ತಿನ ಡಬ್ಬಿಯನ್ನೂ.