ಗಾಳ್ಯಾಗ ಹೋದದ್ದೂ ಲೆಕ್ಕ

ತಿರುಗುವ ಸಾಮಾನು ಕಂಡರೆ ಅದಕ್ಕೊಂದು ಹನಿ ಎಣ್ಣೆ ಬಿಡದೆ ಮುಂದೆ ಹೋಗುವ ಗಂಡಸು ನಮ್ಮ ಹುಲಗೂರಿನಲ್ಲಿ ಇನ್ನೂ ಹುಟ್ಟಿಲ್ಲ. ಬಾವಿಯ ಗಾಲಿ, ಹೊಲಿಗೆ ಯಂತ್ರ, ಹಿಟ್ಟಿನ ಗಿರಣಿ, ಪಕ್ಕದ ಮನೆಯವರ ಸೈಕಲ್ಲು, ಯಾವುದಾದರೂ ಸರಿ. ಅದು ಯಾರ ಸ್ವತ್ತು ಎಂಬ ವಿಚಾರ ಆಮೇಲಿನದು. ಖಾದರಶಾವಲಿಯ ಉರುಸಿನಲ್ಲಿ ಕೊಂಡ ಆಟಿಗೆ ಬಸ್ಸನ್ನು ಇಲ್ಲಿ ಮಗನಿಗಿಂತ ಮೊದಲು ಅಪ್ಪ ಆಡುತ್ತಾನೆ, ಅಂದರೆ ಬಿಚ್ಚುತ್ತಾನೆ. ಆ ಖಾದರಶಾವಲಿಯ ಹರಕೆಯಿಂದಲೇ ಶಿಶುನಾಳ ಶರೀಫರು ಹುಟ್ಟಿದರೆಂಬುದು ನಮ್ಮ ಸೀಮೆಯ ನಂಬಿಕೆ. ಶರೀಫಜ್ಜನಿಗೆ ಕಂಡ ಕಂಡ ಸಾಮಾನಿನಲ್ಲೆಲ್ಲ ದೇವರು ಕಾಣುತ್ತಿದ್ದ. ಉಳಿದ ನಮಗೆ ಬೇರಿಂಗು ಕಾಣುತ್ತದೆ.

ಇಂಥ ಊರಿಗೆ ನನ್ನ ಅಕ್ಕನ ಮಗ ಇಂಗ್ಲೆಂಡಿನಿಂದ ಒಂದು ಪೆಟ್ಟಿಗೆ ಹೊತ್ತು ತಂದ. ಒಳಗೆ ಹಳೆಯ ಸ್ಲಾಟ್ ಕಾರುಗಳು, ಅಂದರೆ ಟ್ರ್ಯಾಕಿನ ಸೀಳು ಹಿಡಿದು ಕರೆಂಟಿನಲ್ಲಿ ಓಡುವ ಆಟಿಗೆ ಕಾರುಗಳು. ಅಲ್ಲಿ ಗಂಡಸರು ರಿಟೈರಾದ ಮೇಲೆ ಇಂಥವನ್ನು ಬಿಚ್ಚಿ, ತಿಕ್ಕಿ, ಜೋಡಿಸಿ, ವೇಗ ಹೆಚ್ಚಿಸುತ್ತ ಕೂರುತ್ತಾರಂತೆ. ಇವನು ನಲವತ್ತಕ್ಕೇ ಶುರು ಹಚ್ಚಿಕೊಂಡಿದ್ದ. ಇವು ಮನೆಯಲ್ಲಿರಬೇಕು ಇಲ್ಲವೇ ನಾನಿರಬೇಕು ಎಂದು ಅವನ ಹೆಂಡತಿ ಅಂದಿರಬೇಕೆಂಬುದು ನನ್ನ ಊಹೆ. ಅವನು ಹೇಳಿದ್ದು ಮಾತ್ರ, "ಮಾಮಾ, ನಿಮಗ ಹೊತ್ತು ಹೋಗಲಿ ಅಂತ ತಂದೇನಿ."

ಹೊತ್ತು ಹೋಯಿತು. ನನ್ನದಷ್ಟೇ ಅಲ್ಲ, ಅರ್ಧ ಓಣಿಯದು.

ಈ ಪೆಟ್ಟಿಗೆಯ ಮೂಲಪುರುಷ ಫ್ರೆಡ್ ಫ್ರಾನ್ಸಿಸ್ ಎಂಬ ಇಂಗ್ಲೆಂಡಿನವನು. 1952ರಲ್ಲಿ ಆತ ಸ್ಪ್ರಿಂಗ್ ಬಿಗಿದು ಬಿಟ್ಟರೆ ಓಡುವ ತಗಡಿನ ಕಾರುಗಳನ್ನು ಸ್ಕೇಲೆಕ್ಸ್ ಎಂಬ ಹೆಸರಿನಲ್ಲಿ ಮಾರಿದ. ಸ್ಪ್ರಿಂಗ್ ಕಾರಿನ ಹಣೆಬರಹ ಗೊತ್ತಲ್ಲ, ಕೈ ಬಿಟ್ಟರೆ ತನಗೆ ತಿಳಿದತ್ತ ಹೋಗಿ ಕಪಾಟಿನ ಕೆಳಗೆ ಸೇರುತ್ತದೆ. ಅದಕ್ಕೆ ಫ್ರಾನ್ಸಿಸ್ ದಾರಿಯ ನಡುವೆ ಒಂದು ಸೀಳು ಕೊಟ್ಟು, ಸೀಳಿನ ಎರಡೂ ಬದಿಗೆ ಲೋಹದ ಪಟ್ಟಿ ಹಾಯಿಸಿ, ಪಟ್ಟಿಗೆ ಕರೆಂಟು ಕೊಟ್ಟು, ಕಾರಿನೊಳಗೆ ಮೋಟಾರು ಕೂರಿಸಿದ. 1957ರ ಹ್ಯಾರೊಗೇಟ್ ಆಟಿಗೆ ಮೇಳದಲ್ಲಿ ಅದನ್ನು ಸ್ಕೇಲೆಕ್ಸ್‌ಟ್ರಿಕ್ ಎಂದು ಜನರ ಮುಂದಿಟ್ಟ. ಮರುವರ್ಷವೇ ಕಂಪನಿ ಮಾರಿ ಕೈ ತೊಳೆದುಕೊಂಡ. ಜಾಣ. ಮುಂದೆ ಆದದ್ದನ್ನೆಲ್ಲ ಅನುಭವಿಸುವ ಕರ್ಮವನ್ನು ಗಿರಾಕಿಗಳಿಗೆ ಬಿಟ್ಟ. ಅರವತ್ತರ ದಶಕದ ನಡುವಿನಲ್ಲಿ ಅಮೆರಿಕದ ಊರೂರಲ್ಲಿ ಬಾಡಿಗೆಗೆ ಟ್ರ್ಯಾಕು ಕೊಡುವ ಅಂಗಡಿಗಳು ಎದ್ದು, ದೊಡ್ಡವರು ಮಕ್ಕಳನ್ನು ತಳ್ಳಿ ಮುಂದೆ ನಿಂತು ಆಡಿ, ದಶಕ ಮುಗಿಯುವುದರೊಳಗೆ ಹುಚ್ಚು ಇಳಿದು ಅಂಗಡಿಗಳ ಬಾಗಿಲು ಮುಚ್ಚಿದವು. ಆಗ ಹುಲಗೂರಿಗೆ ಬರಬೇಕಿದ್ದ ಹುಚ್ಚು ಈಗ ಬಂದಿದೆ.

ನಮ್ಮ ಪೆಟ್ಟಿಗೆಯಲ್ಲಿ ಓಡಿಸಲು ಲಾಯಕ್ಕಾದವು ಎರಡು: ಒಂದು ಕೆಂಪು ಲೋಟಸ್, ಒಂದು ಹಸಿರು ವ್ಯಾನ್‌ವಾಲ್. 1960ರಲ್ಲಿ ತಗಡಿನ ಮೈ ಹೋಗಿ ಪ್ಲಾಸ್ಟಿಕ್ ಮೈ ಬಂದ ಕಾಲದ ಮಾದರಿಗಳು. ನಿಜವಾದ ಕಾರಿನ ಮೂವತ್ತೆರಡನೆಯ ಒಂದು ಪಾಲು. ನಿಜವಾದ ವ್ಯಾನ್‌ವಾಲ್ 1958ರಲ್ಲಿ ಫಾರ್ಮುಲಾ ಒನ್ನಿನ ಮೊಟ್ಟಮೊದಲ ತಯಾರಕರ ಪ್ರಶಸ್ತಿ ಗೆದ್ದ ಗಾಡಿ. ನಮ್ಮದು ಪಡಸಾಲೆಯಲ್ಲಿ ಒಂದು ಮೊಳ ಹೋಗಿ ಕೆಮ್ಮಿ ನಿಂತಿತು.

ಮೊದಲ ತಕರಾರು ಕರೆಂಟಿನದು. ಜೊತೆಗೆ ಬಂದ ಟ್ರಾನ್ಸ್‌ಫಾರ್ಮರ್ ಇಂಗ್ಲೆಂಡಿನ ಕರೆಂಟು ಕುಡಿದು ಬೆಳೆದದ್ದು. ನಮ್ಮ ಕರೆಂಟು ಬರುವ, ಹೋಗುವ, ಬಂದಂತೆ ಮಾಡಿ ಹೋಗುವ ಪದ್ಧತಿಗೆ ಅದು ಹೊಂದಿಕೊಳ್ಳಲಿಲ್ಲ. ಎದುರು ಮನೆಯ ಟ್ರ್ಯಾಕ್ಟರಿನವನು ಬಗ್ಗಿ ಅದರ ಬೆನ್ನಿನ ಚೀಟಿ ಓದಿದ. "ಹನ್ನೆರಡು ವೋಲ್ಟ್ ಅಲ್ಲೇನ್ರಿ? ಅದಕ್ಯಾಕ ಇಷ್ಟು ಒದ್ದಾಡತೀರಿ?" ಎಂದು ಹೋಗಿ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ವೈರು ಸಿಕ್ಕಿಸಿದ. ಕಾರುಗಳು ಅದುವರೆಗೂ ಕಾಣದ ಹುರುಪಿನಲ್ಲಿ ಹೊರಟವು. ಅಳಿಯ ಬೆರಗಾದ. ಆಟಿಗೆಯ ಅಗ್ಗದ ಟ್ರಾನ್ಸ್‌ಫಾರ್ಮರ್ ಕೊಡುವುದು ಏರಿಳಿಯುವ ಕರೆಂಟು, ಬ್ಯಾಟರಿಯದು ನೆಟ್ಟಗಿನ ನೇರ ಕರೆಂಟು. ಅಮೆರಿಕದ ಪಂದ್ಯದವರೂ ಕೊನೆಗೆ ಕಾರಿನ ಬ್ಯಾಟರಿಗೇ ಬಂದು ಮುಟ್ಟಿದ್ದರಂತೆ. ಟ್ರ್ಯಾಕ್ಟರಿನವನಿಗೆ ಈ ಚರಿತ್ರೆ ಹೇಳಿದಾಗ ಅವನು, "ಮತ್ತ?" ಎಂದ. ಅಷ್ಟೇ.

ಎರಡನೆಯದು ಟೈರು. ಅರವತ್ತು ವರ್ಷದ ರಬ್ಬರು ಒಣಗಿ ಗಾಜಾಗಿತ್ತು. ಚಕ್ರ ತಿರುಗುತ್ತಿತ್ತು, ಕಾರು ಅಲ್ಲೇ ಇರುತ್ತಿತ್ತು. ಲಂಡನ್ನಿನಿಂದ ತರಿಸಬೇಕು ಎಂದು ಅಳಿಯ ಫೋನು ತೆಗೆಯುವಷ್ಟರಲ್ಲಿ ನನ್ನ ಮೊಮ್ಮಗ ಹಿತ್ತಲಿನಿಂದ ಹರಿದ ಹವಾಯಿ ಚಪ್ಪಲಿಯೊಂದನ್ನು ತಂದು ಎದುರಿಗಿಟ್ಟ. ನಾವು ಬಾಲ್ಯದಲ್ಲಿ ಗಾಡಿಗೆ ಗಾಲಿ ಮಾಡಿದ್ದು ಇದರಲ್ಲೇ ಅಲ್ಲವೇ? ಕಬ್ಬಿಣದ ಕೊಳವೆಯ ತುಂಡಿನಿಂದ ಹೊಡೆದು ಬಿಲ್ಲೆ ತೆಗೆದು, ನಡುವೆ ತೂತು ಕೊರೆದು, ಚಕ್ರಕ್ಕೆ ಅಂಟಿಸಿದೆವು. ಹವಾಯಿ ಚಪ್ಪಲಿಯ ಅಟ್ಟೆಯೆಂದರೆ ಸ್ಪಂಜು ರಬ್ಬರು, ಮತ್ತು ಸ್ಲಾಟ್ ಕಾರಿನ ಪಂದ್ಯದ ಜನ ಗಟ್ಟಿ ರಬ್ಬರು ಬಿಟ್ಟು ಹಿಡಿದದ್ದೂ ಸ್ಪಂಜು ರಬ್ಬರನ್ನೇ. ಆಮೇಲೆ ಅದನ್ನು ದುಂಡಗೆ ಮಾಡುವ ಕೆಲಸ. ಉಸುಕಿನ ಕಾಗದವನ್ನು ಹಲಗೆಗೆ ಅಂಟಿಸಿ, ಮೋಟಾರನ್ನು ಮೆಲ್ಲಗೆ ಓಡಿಸುತ್ತ, ಹಿಂದಿನ ಚಕ್ರಗಳನ್ನು ಕಾಗದಕ್ಕೆ ತಾಗಿಸಿ ಹಿಡಿಯಬೇಕು. ಚಕ್ರ ತನ್ನ ಡೊಂಕನ್ನು ತಾನೇ ತಿಕ್ಕಿಕೊಳ್ಳುತ್ತದೆ. ಒತ್ತಿ ಹಿಡಿದರೆ ಕೆಟ್ಟಿತು, ಹಗುರ ಹಿಡಿದರೆ ಸಂಜೆಯಾಯಿತು. ನಮ್ಮಲ್ಲಿ ಸಂಜೆಗಳಿಗೆ ಕೊರತೆಯಿಲ್ಲ. ಪಡಸಾಲೆಯ ತುಂಬ ನೀಲಿ ಪುಡಿ ಬಿದ್ದು, ನನ್ನ ಹೆಂಡತಿ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಾಗ ಮಾತ್ರ ಕೆಲಸ ನಿಲ್ಲುತ್ತಿತ್ತು.

ಇಷ್ಟಾದ ಮೇಲೆ ಓಣಿಯಲ್ಲಿ ಎರಡು ಪಕ್ಷಗಳಾದವು.

ಲೋಟಸ್ ಪಂಪ್‌ಸೆಟ್ ರಿವೈಂಡಿಂಗ್ ಮಾಡುವವನ ಪಾಲಾಯಿತು. ವೋಲ್ಟೇಜು ಇಳಿದಷ್ಟೂ ಮೋಟಾರು ಹೆಚ್ಚು ಕರೆಂಟು ಎಳೆದುಕೊಂಡು ಸುಡುತ್ತದೆ. ನಮ್ಮ ಸೀಮೆಯ ಹೊಲಗಳಲ್ಲಿ ಸುಟ್ಟ ಮೋಟಾರುಗಳೇ ಆತನ ಮನೆ ಕಟ್ಟಿಸಿವೆ. ಆತ ಲೋಟಸ್ಸಿನ ಹೊಟ್ಟೆ ಬಿಚ್ಚಿ, ಹೆಬ್ಬೆರಳಿಗಿಂತ ಚಿಕ್ಕ ಆರ್ಮೇಚರನ್ನು ಅಂಗೈ ಮೇಲಿಟ್ಟುಕೊಂಡು, ಮೂರು ಕೈ, ಮೂರು ಸುರುಳಿ, ಕೂದಲಿನಂಥ ತಂತಿ ನೋಡಿ, "ಅಯ್ಯ, ಇದು ನಮ್ಮದೇ ಕೂಸು" ಎಂದ. ಹಳೆಯ ತಂತಿ ಬಿಚ್ಚಿ ಬಿಸಾಕಿ, ದಪ್ಪ ತಂತಿಯಿಂದ ಕಡಿಮೆ ಸುತ್ತು ಹಾಕಿದ. ಸುತ್ತು ಕಡಿಮೆಯಾದರೆ ತಡೆ ಕಡಿಮೆ, ತಡೆ ಕಡಿಮೆಯಾದರೆ ಕರೆಂಟು ಜಾಸ್ತಿ, ಓಟ ಜಾಸ್ತಿ, ಕಾವೂ ಜಾಸ್ತಿ. ಅರವತ್ತರ ದಶಕದ ಅಮೆರಿಕದ ಹುಡುಗರು ಗ್ಯಾರೇಜಿನಲ್ಲಿ ಕೂತು ಮಾಡುತ್ತಿದ್ದುದೂ ಇದನ್ನೇ. ಇವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸುತ್ತು ಮುಗಿಸಿ ವಾರ್ನಿಶ್ ಹಚ್ಚಿ ಬಿಸಿಲಿಗಿಟ್ಟ. ಮೊದಲ ಸಲ ಓಡಿಸಿದಾಗ ಕೈಯಲ್ಲಿದ್ದ ಕಂಟ್ರೋಲರು ಹಿಡಿಯಲಾಗದಷ್ಟು ಬಿಸಿಯಾಯಿತು. ಆತ ಅದಕ್ಕೆ ಒದ್ದೆ ಅರಿವೆ ಸುತ್ತಿದ.

ವ್ಯಾನ್‌ವಾಲ್ ಹಿಡಿದವರು ಚಕ್ಕಡಿ ಮಾಡುವ ಬಡಿಗ ಅಜ್ಜ. ಚಕ್ಕಡಿ ಮಾಡಿಸುವವರು ಈಗ ಅಪರೂಪ. ಹೀಗಾಗಿ ಅಜ್ಜನ ಬಳಿ ವಿದ್ಯೆಯೂ ಹೊತ್ತೂ ಬೇಕಾದಷ್ಟು ಉಳಿದಿದ್ದವು. ಅವರು ಮೋಟಾರನ್ನು ಮುಟ್ಟಲೇ ಇಲ್ಲ. "ಎತ್ತು ಜೋರೈತಿ ಅಂತ ಗಾಡಿ ಓಡಂಗಿಲ್ಲ" ಎಂದು ಕಾರನ್ನು ಕನ್ನಡಿಯ ಮೇಲಿಟ್ಟು, ಒಂದು ಕಣ್ಣು ಮುಚ್ಚಿ, ಯಾವ ಗಾಲಿ ನೆಲ ಮುಟ್ಟಿಲ್ಲವೆಂದು ಪತ್ತೆ ಹಚ್ಚಿದರು. ಅಚ್ಚು ಕೂತ ತೂತು ಸವೆದಿತ್ತು; ಅದಕ್ಕೆ ಹಿತ್ತಾಳೆಯ ಬಳೆ ಹಾಕಿಸಿದರು. ಹಲ್ಲಿಗೂ ಹಲ್ಲಿಗೂ ನಡುವೆ ಒಂದು ಕಾಗದದ ಸಂದು ಬಿಟ್ಟರು. ಸೀಳಿನೊಳಗೆ ಇಳಿಯುವ ನಾಲಿಗೆಯ ಎರಡೂ ಬದಿಯ ತಾಮ್ರದ ಕುಂಚಗಳನ್ನು ಬೆರಳಿನಿಂದ ತೀಡಿ ಪಟ್ಟಿಗೆ ಒರಗುವಂತೆ ಮಾಡಿದರು. ಹಳೆಯ ಬ್ಯಾಟರಿಯ ಸೀಸವನ್ನು ತಟ್ಟಿ ತಗಡು ಮಾಡಿ ನಾಲಿಗೆಯ ಹಿಂದೆಯೇ ಅಂಟಿಸಿದರು, ಪತ್ತಾರನ ತಕ್ಕಡಿಯಲ್ಲಿ ತೂಗಿ. ಪತ್ತಾರ ಸೀಸಕ್ಕೂ ಸವಕಳಿ ಹಿಡಿದನೆಂದು ಅಜ್ಜನಿಗೆ ಇಂದಿಗೂ ಸಂಶಯ.

ಕೊನೆಗೆ ಅಜ್ಜ ಮಾಡಿದ ಕೆಲಸ ಕಂಡು ಎಲ್ಲರೂ ನಕ್ಕರು. ಮೈಯನ್ನು ಹಿಡಿದ ಸ್ಕ್ರೂಗಳನ್ನು ಬಿಗಿ ಮಾಡುವ ಬದಲು ಸಡಿಲಿಸಿಬಿಟ್ಟರು. ಕಾರು ಲಡಬಡ ಅನ್ನತೊಡಗಿತು. ಅಳಿಯ ಮಾತ್ರ ನಗಲಿಲ್ಲ. ಇಂಗ್ಲೆಂಡಿನ ನುರಿತವರೆಲ್ಲ ಮಾಡುವ ಗುಟ್ಟು ಇದಂತೆ: ಮೈ ತುಸು ಅಲ್ಲಾಡಿದರೆ ತಿರುವಿನಲ್ಲಿ ಅದರ ಜೋಲಿ ಚಾಸಿಗೆ ತಟ್ಟುವುದಿಲ್ಲ, ಗಾಲಿ ನೆಲ ಬಿಡುವುದಿಲ್ಲ. ಅಜ್ಜನಿಗೆ ಚಾಸಿ ಗೊತ್ತಿಲ್ಲ. ಬಿಗಿದು ಕಟ್ಟಿದ ಚಕ್ಕಡಿ ಕೊರಕಲಿನಲ್ಲಿ ಮಗುಚುತ್ತದೆ ಎಂಬುದು ಗೊತ್ತು.

ಅಯಸ್ಕಾಂತದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಎಂಬತ್ತರ ದಶಕದಿಂದ ಈಚೆಗೆ ಸ್ಕೇಲೆಕ್ಸ್‌ಟ್ರಿಕ್ ಕಾರುಗಳ ತಳದಲ್ಲಿ ಅಯಸ್ಕಾಂತ ಇಡುವ ರೂಢಿ ಬಂದಿದೆ. ಅದು ಉಕ್ಕಿನ ಪಟ್ಟಿಯನ್ನು ಕಚ್ಚಿಕೊಂಡು ತಿರುವಿನಲ್ಲೂ ಕಾರನ್ನು ಹಾರಗೊಡುವುದಿಲ್ಲ. ಹಳೆಯ ಕಾರಿನ ಪ್ರೇಮಿಗಳು ಇದನ್ನು ಅಸಹ್ಯಪಡುತ್ತಾರೆ. ನಾನೂ ಅವರ ಪಕ್ಷ. ಬೀಳುವ ಹೆದರಿಕೆಯೇ ಇಲ್ಲದಿದ್ದರೆ ಕಂಟ್ರೋಲರು ಹಿಡಿದವನಿಗೆ ಏನು ಕೆಲಸ, ಹೆಬ್ಬೆರಳು ಅದುಮಿ ಚಹಾ ಕುಡಿಯುತ್ತ ಕೂತರಾಯಿತು.

ಇನ್ನು ಪಂದ್ಯ. ಇಬ್ಬರಿಗೂ ಅದು ಬೇಕಿರಲಿಲ್ಲ. ಕಾರು ತಯಾರಿದೆ ಎಂದು ಒಪ್ಪಿಕೊಂಡರೆ ಬಿಚ್ಚುವುದಕ್ಕೆ ನೆಪ ಉಳಿಯುವುದಿಲ್ಲವಲ್ಲ. ಆದ್ದರಿಂದ ಇಂದು ಎಣ್ಣೆ, ನಾಳೆ ಕುಂಚ ಎಂದು ಮುಂದೂಡುತ್ತಲೇ ಇದ್ದರು. ಆದರೆ ಕಾರಹುಣ್ಣಿಮೆ ಹತ್ತಿರ ಬಂತು, ಬಿತ್ತಿಗೆಗೆ ಬ್ಯಾಟರಿ ಬೇಕೆಂದು ಟ್ರ್ಯಾಕ್ಟರಿನವನು ಗಡುವು ಕೊಟ್ಟ.

ನಿಯಮ ಯಾವುದು ಎಂಬ ಪ್ರಶ್ನೆಯೇ ಏಳಲಿಲ್ಲ. ನಮ್ಮ ಕಡೆ ಖಾಲಿ ಗಾಡಾ ಓಡಿಸುವ ಸ್ಪರ್ಧೆ ಎಲ್ಲರೂ ಬಲ್ಲದ್ದು: ಒಂದು ನಿಮಿಷ, ಎತ್ತು ಎಷ್ಟು ಅಡಿ ಓಡಿದವು, ಟೇಪು ಹಿಡಿ. 2014ರಲ್ಲಿ ಸುಪ್ರೀಂ ಕೋರ್ಟು ಎತ್ತಿನ ಗಾಡಿ ಓಟಕ್ಕೆ ತಡೆ ಹಾಕಿದಾಗ ಊರ ಹಿರಿಯರು ಕೈ ಕಟ್ಟಿ ಕೂತಿದ್ದರು. ಮುಂದೆ ರಾಜ್ಯ ಸರಕಾರ ಕಾನೂನು ತಿದ್ದಿ, 2023ರ ಮೇನಲ್ಲಿ ಅದೇ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ಈ ಒಂಬತ್ತು ವರ್ಷಗಳ ವ್ಯಾಜ್ಯವನ್ನು ಅಕ್ಷರ ಅಕ್ಷರ ಬಲ್ಲ ಹಿರಿಯರೊಬ್ಬರು ನಮ್ಮ ಪಂದ್ಯದ ಪಂಚರಾದರು. "ಇದಕ್ಕ ಬಾರಕೋಲೂ ಇಲ್ಲ, ಮೇವೂ ಇಲ್ಲ, ಕೋರ್ಟೂ ಇಲ್ಲ" ಎಂದು ಅವರಿಗೆ ತೃಪ್ತಿ. ಹಾರಿ ಬಿದ್ದ ಕಾರನ್ನು ಎತ್ತಿ ಮತ್ತೆ ಸೀಳಿಗೆ ಇಡಲು ತಿರುವಿಗೊಬ್ಬ ಹುಡುಗ ಬೇಕು. ತಿರುವು ನಾಲ್ಕು, ಬಂದವರು ಇಡೀ ಶಾಲೆ.

ಕಾರಹುಣ್ಣಿಮೆಯ ದಿನ ಕರಿ ಹರಿಯುವಾಗ ಬಿಳಿ ಎತ್ತು ಮುಂದಾದರೆ ಆ ವರ್ಷ ಬಿಳಿಯ ಪೀಕು, ಕೆಂದೆತ್ತು ಮುಂದಾದರೆ ಕೆಂಪು ಪೀಕು ಚೆನ್ನಾಗಿ ಬರುತ್ತದೆಂದು ನಮ್ಮವರ ಲೆಕ್ಕ. ಪಂದ್ಯಕ್ಕೆ ಮೊದಲು ಯಾರೋ ಕೇಳಿಯೇಬಿಟ್ಟರು, "ಕೆಂಪು ಗೆದ್ರ ಮೆಣಸಿನಕಾಯಿ ಅಂತಿಟ್ಕೊಳ್ರಿ. ಹಸರ ಗೆದ್ರ?"

ಪಂಚರು ಸ್ವಲ್ಪ ಯೋಚಿಸಿ ಹೇಳಿದರು, "ಕಸ."

ನಗುವಿನ ನಡುವೆ ಸೀಟಿ ಊದಿತು. ವ್ಯಾನ್‌ವಾಲ್ ಲಡಬಡ ಸದ್ದು ಮಾಡುತ್ತ, ಯಾವ ಆತುರವೂ ಇಲ್ಲದೆ ಸುತ್ತು ಹಾಕತೊಡಗಿತು. ಲೋಟಸ್ ಮೊದಲ ಸುತ್ತನ್ನು ಕಣ್ಣಿಗೆ ಕಾಣದ ಹಾಗೆ ಮುಗಿಸಿತು. ಎರಡನೆಯ ಸುತ್ತಿನ ನೇರ ದಾರಿಯಲ್ಲಿ ಅದರಿಂದ ವಾರ್ನಿಶಿನ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಅದು ತಿರುಗಲಿಲ್ಲ. ಸೀಳು ಬಿಟ್ಟು, ಹುಡುಗರ ತಲೆಯ ಮೇಲಿಂದ ಹಾದು, ತೆರೆದ ಬಾಗಿಲಿನಿಂದ ಅಂಗಳಕ್ಕೆ ಹೋಗಿ ಎಮ್ಮೆಯ ಬಾನಿಯೊಳಗೆ ಬಿತ್ತು. ವ್ಯಾನ್‌ವಾಲ್ ನಿಮಿಷ ಮುಗಿಯುವ ತನಕ ತಿರುಗುತ್ತಲೇ ಇತ್ತು.

ಸುತ್ತು ಲೆಕ್ಕ ಹಾಕಿದರೆ ಹಸಿರು ಕಾರು ಸಾರಾಸಗಟು ಗೆದ್ದಿತ್ತು. ಬಡಿಗ ಅಜ್ಜ ರುಮಾಲು ಸರಿ ಮಾಡಿಕೊಂಡರು. ಆದರೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ನೆರೆದವರೆಲ್ಲ ಒಕ್ಕಲುತನದವರು, ಮುಂಗಾರಿ ತಲೆಯ ಮೇಲೆ ಬಂದಿದೆ, ಬೀಜ ಗೊಬ್ಬರಕ್ಕೆ ಸಾಲ ಮಾಡಿಕೊಂಡಿದ್ದಾರೆ. ಕಸ ಬರುತ್ತದೆಂಬ ಫಲಿತಾಂಶವನ್ನು ಯಾವ ಬಾಯಿಂದ ಒಪ್ಪಬೇಕು?

ರಿವೈಂಡಿಂಗಿನವನು ಬಾನಿಯಿಂದ ಕಾರನ್ನು ಎತ್ತಿ ಒರೆಸುತ್ತ ವಾದ ಮಂಡಿಸಿದ: ಖಾಲಿ ಗಾಡಾದಲ್ಲಿ ಅಳೆಯುವುದು ಗಾಡಿ ಹೋದ ದೂರವನ್ನು, ತನ್ನದು ಬಾನಿಯ ತನಕ ಹೋಗಿದೆ, ಗಾಳಿಯಲ್ಲಿ ಹೋದದ್ದನ್ನೂ ಹಿಡಿಯಬೇಕು. ಹಿಡಿದರೂ ಸಾಲುತ್ತಿರಲಿಲ್ಲ. ಆಗ ಟ್ರ್ಯಾಕ್ಟರಿನವನು ಎದ್ದು, ವ್ಯಾನ್‌ವಾಲ್ ಎಷ್ಟು ಸುತ್ತು ಹಾಕಿದರೂ ಹೊರಟಲ್ಲೇ ಬಂದು ನಿಂತಿದೆ, ಆದ್ದರಿಂದ ಅದು ಕ್ರಮಿಸಿದ ದೂರ ಸೊನ್ನೆ ಎಂದ. ಪಂಚರು ಟೇಪು ತರಿಸಿದರು. ಹೊರಟ ಗೆರೆಯಿಂದ ಬಾನಿಯ ಅಂಚಿನವರೆಗೆ ಅಳೆದರು. "ಗಾಳ್ಯಾಗ ಹೋದದ್ದೂ ಲೆಕ್ಕ" ಎಂದು ತೀರ್ಪಾಯಿತು. ಮೆಣಸಿನಕಾಯಿ ಗೆದ್ದಿತು, ಪಡಸಾಲೆ ಚಪ್ಪಾಳೆಯಿಂದ ತುಂಬಿತು.

ಬಡಿಗ ಅಜ್ಜ ಮೇಲ್ಮನವಿ ಸಲ್ಲಿಸಲಿಲ್ಲ. ವ್ಯಾನ್‌ವಾಲನ್ನು ರುಮಾಲಿನಲ್ಲಿ ಸುತ್ತಿಕೊಂಡು ಎದ್ದರು. ಬಾಗಿಲಲ್ಲಿ ನಿಂತು ಅಳಿಯನನ್ನು ಕೇಳಿದರು, "ತಮ್ಮಾ, ಇದಕ್ಕ ಬಿಳೇ ಬಣ್ಣ ಹಚ್ಚಿದ್ರ ನಿಂದೇನೂ ತಕರಾರಿಲ್ಲಲ್ಲ?" ಮೂಲ ಬಣ್ಣ ಹೋದರೆ ಹಳೆಯ ಕಾರಿನ ಬೆಲೆಯೇ ಹೋಗುತ್ತದೆ ಎಂದು ಅಳಿಯ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಹತ್ತಿ ಬೆಳೆಯುವವರೆಲ್ಲ ಒಂದೇ ದನಿಯಲ್ಲಿ ಕೂಗಿದರು, "ಹಚ್ರಿ ಅಜ್ಜಾ!"