ಟರ್ಬೊ ರಾಯರ ಅಂದಾಜುಪಟ್ಟಿ

ಟರ್ಬೊ ರಾಯರು ಸೊಪ್ಪಿನವಳ ಹತ್ತಿರ ಐದು ರೂಪಾಯಿಗೆ ಹತ್ತು ನಿಮಿಷ ಚೌಕಾಸಿ ಮಾಡುವವರು. ಬನಿಯನ್ ಜಾಲರಿಯಾಗುವ ತನಕ ಬಿಸಾಡುವವರಲ್ಲ. ಇಂಥವರು, ಕಂತು ಈಗಷ್ಟೇ ತೀರಿದ ಪೋಲೊ ಜಿಟಿ ಟಿಎಸ್‌ಐ ಕಾರಿನ ಮೇಲೆ ಒಂದೂವರೆ ಲಕ್ಷ ಸುರಿಯಲು ಹೊರಟಿದ್ದಾರೆ. ಬೆಂಗಳೂರಿನ ಸಾಫ್ಟ್‌ವೇರ್ ಆಫೀಸುಗಳಲ್ಲಿ ಮಹಡಿಗೊಬ್ಬರಂತೆ ಇಂಥ ರಾಯರಿದ್ದಾರೆ. ಕಾಫಿ ಹೊತ್ತಿಗೆ ಕೈಗೆ ಸಿಕ್ಕವರನ್ನು ಕೂರಿಸಿಕೊಂಡು ಎಕ್ಸೆಲ್ ಶೀಟು ತೆರೆಯುತ್ತಾರೆ.

"ಖರ್ಚು ಅನ್ನಬೇಡಿ ಸಾರ್. ಕುದುರೆಗೆ ತಲಾ ಎಷ್ಟು ಬೀಳುತ್ತೆ, ಅದನ್ನ ನೋಡಿ."

ಕಾರು ಹುಟ್ಟಿನಿಂದ 105 ಕುದುರೆಯ ಬಲದ್ದು. ಟರ್ಬೊ ಎಂಜಿನ್ನಿಗೆ ಗಾಳಿಯನ್ನು ಎಷ್ಟು ಒತ್ತಿ ತುಂಬಬೇಕೆಂದು ಹೇಳುವುದು ಒಳಗಿರುವ ಕಂಪ್ಯೂಟರ್. ಆ ಕಂಪ್ಯೂಟರಿನ ಲೆಕ್ಕ ತಿದ್ದಿದರೆ ಸಾಕು, ಒಂದು ನಟ್ಟೂ ಸಡಿಲಿಸದೆ ಇಪ್ಪತ್ತೈದು ಮೂವತ್ತು ಕುದುರೆ ಹೆಚ್ಚುತ್ತವೆ. ಇದು ರೀಮ್ಯಾಪ್, ಬಲ್ಲವರ ಬಾಯಲ್ಲಿ ಸ್ಟೇಜ್ ಒನ್. ರಾಯರ ಶೀಟಿನಲ್ಲಿ 35,000 ರೂಪಾಯಿ. "ಕುದುರೆಯೊಂದಕ್ಕೆ ಸಾವಿರದ ಇನ್ನೂರು ಚಿಲ್ಲರೆ. ಈ ರೇಟಿಗೆ ಕತ್ತೆಯಾದರೂ ಸಿಗುತ್ತಾ ಹೇಳಿ!"

ಅಲ್ಲಿಗೆ ನಿಂತಿದ್ದರೆ ರಾಯರು ಬುದ್ಧಿವಂತರೇ. ಆದರೆ ಕೌಪೀನ ಕಾಯಲು ಬೆಕ್ಕು, ಬೆಕ್ಕಿಗೆ ಹಾಲೆಂದು ಹಸು ಕಟ್ಟಿದ ಸನ್ಯಾಸಿಯ ದಾರಿ ಇದು. ಕುದುರೆ ಹೆಚ್ಚಿದರೆ ಮುಂದಿನ ಚಕ್ರಗಳು ನಿಂತಲ್ಲೇ ತಿರುಗುತ್ತವೆ, ಆದ್ದರಿಂದ ಹಿಡಿತದ ಟೈರು, 32,000. ಆ ಟೈರಿಗೆ ಹಳೆಯ ರಿಮ್ಮು ಶೋಭಿಸುವುದಿಲ್ಲ, ಅಲಾಯ್ 40,000. ಓಡುವುದು ನಿಲ್ಲಲೂ ಬೇಕಲ್ಲ, ಬ್ರೇಕ್ ಪ್ಯಾಡು 10,000. ಉಸಿರಾಡಲು ಏರ್ ಫಿಲ್ಟರ್ 7,000. ತಿರುವಿನಲ್ಲಿ ವಾಲದಿರಲು ಗಿಡ್ಡ ಸ್ಪ್ರಿಂಗು 25,000. ಪೆಟ್ರೋಲಂತೂ ಇನ್ನು ಮೇಲೆ ಮಾಮೂಲಿ ಪಂಪಿನದಲ್ಲ. ನೂರು ಆಕ್ಟೇನಿನದಕ್ಕಾಗಿ ಊರಿನ ಇನ್ನೊಂದು ತುದಿಗೆ ಹೋಗಬೇಕು, ಹೋಗಿಬರುವಷ್ಟರಲ್ಲಿ ಹಾಕಿಸಿದ್ದರಲ್ಲಿ ಒಂದಷ್ಟು ಮುಗಿದಿರುತ್ತದೆ. ಈ ಬಾಬಿಗೆ ಶೀಟಿನಲ್ಲಿ ಕಾಲಂ ಇಲ್ಲ.

ಇಷ್ಟಾದರೂ ಅಂದಾಜು ಮೀರುವುದು ಪಟ್ಟಿಯಿಂದಲ್ಲ. ಜೆ.ಸಿ. ರಸ್ತೆಯ ಗಲ್ಲಿಯೊಂದರಲ್ಲಿ ಕಾರನ್ನು ಜಾಕಿ ಮೇಲೆ ಎತ್ತಿ, ಚಕ್ರ ಕಳಚಿಟ್ಟು, ಮೆಕ್ಯಾನಿಕ್ ಹುಡುಗ ಕೈ ಒರೆಸಿಕೊಳ್ಳುತ್ತಾ ಒಂದು ಮಾತು ಹೇಳುತ್ತಾನೆ: "ಹೆಂಗೂ ಬಿಚ್ಚಿದೀವಲ್ಲ ಸಾರ್, ಬುಷ್ ಒಂದು ಹೊಸದು ಹಾಕ್ಬಿಡಣ." ಮನೆ ಕಟ್ಟಿಸಿದವರಿಗೆ ಈ ಮಾತಿನ ಬೆಲೆ ಗೊತ್ತು. ಹೆಂಗೂ ಬಿಚ್ಚಿದ್ದೇವೆಂದು ಬುಷ್ಷು, ಅದರ ಹಿಂದೆ ಶಾಕ್ ಅಬ್ಸಾರ್ಬರು. ಕಳಚಿದ ಕಂಪನಿ ಮಾಲು ಮನೆಯ ಅಟ್ಟ ಸೇರುತ್ತದೆ, ಗೌರಿ ಹಬ್ಬದ ಪಾತ್ರೆಗಳು ಮಂಚದಡಿಗೆ ಬರುತ್ತವೆ.

"ರೀ, ಕಾರು ಗಿಡ್ಡ ಮಾಡೋದಕ್ಕೂ ದುಡ್ಡು ಕೊಡ್ತಾರಾ?" ಎಂದರು ಹೆಂಡತಿ. ಜಂಟಿ ಖಾತೆಯ ಮೆಸೇಜು ಅವರ ಮೊಬೈಲಿಗೇ ಬರುವುದು.

ರಾಯರು ಲೆಕ್ಕ ಕೊಟ್ಟರು. ಹಂಪಿನ ಎತ್ತರ ನಿಯಮದ ಪ್ರಕಾರ 10 ಸೆಂಟಿಮೀಟರ್, ಕಾರಿನ ಹೊಟ್ಟೆ ನೆಲದಿಂದ ಹದಿಮೂರು ಸೆಂಟಿಮೀಟರ್ ಮೇಲೆ, ಮೂರು ಉಳಿಯಿತಲ್ಲ? ಆದರೆ ಅವರ ಬಡಾವಣೆಯ ಹಂಪು ಹಾಕಿದವರು ಆ ನಿಯಮ ಓದಿರಲಿಲ್ಲ. ಈಗ ಹಂಪು ಬಂದಾಗಲೆಲ್ಲ ಮನೆಮಂದಿಯನ್ನು ಇಳಿಸಿ, ಕಾರನ್ನು ಓರೆಯಾಗಿ ದಾಟಿಸಿ, ಮತ್ತೆ ಹತ್ತಿಸಿಕೊಳ್ಳುತ್ತಾರೆ. ಮಂಡಿನೋವಿನ ತಾಯಿ ಎರಡನೇ ಹಂಪಿಗೇ, "ಆಟೋ ಕರಿಯಪ್ಪ, ನಾನು ಅದರಲ್ಲಿ ಬರ್ತೀನಿ" ಎಂದುಬಿಟ್ಟರು.

ಕಾನೂನು ಗೊತ್ತಿಲ್ಲವೆಂದಲ್ಲ. ವಾಹನವನ್ನು ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಮಾರ್ಪಡಿಸಬಾರದೆನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಅದರ ಮೇಲೆ 2019ರಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು, ಎರಡೂ ಬಾಯಿಪಾಠ. ಅಬ್ಬರದ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸಿದ ಫೋಟೊ ನೋಡಿದ ದಿನ ಎಕ್ಸಾಸ್ಟಿನ ಸಾಲನ್ನು ಶೀಟಿನಿಂದ ಅಳಿಸಿದರು. ರೀಮ್ಯಾಪ್ ಮಾತ್ರ ಉಳಿಯಿತು. ಸಾಫ್ಟ್‌ವೇರು ಪೊಲೀಸರ ಕಣ್ಣಿಗೆ ಕಾಣುವುದಿಲ್ಲವೆಂಬ ಧೈರ್ಯ. ವಿಮೆಯವರಿಗೆ ತಿಳಿಸಿದಿರಾ ಎಂದರೆ ಮಾತ್ರ ಕಾಫಿ ಆರುತ್ತಿದೆ ಎನ್ನುತ್ತಾರೆ.

ಕೊನೆಗೆ ತಾಯಿಯ ಮಂಡಿಯೇ ಗೆದ್ದಿತು. ಕಾರು ಮಾರಲು ರಾಯರು ಸೆಕೆಂಡ್‌ಹ್ಯಾಂಡ್ ಡೀಲರನ ಬಳಿ ಹೋದರು. ಖರ್ಚಿನ ಪಟ್ಟಿಯನ್ನು ಕಲರ್ ಪ್ರಿಂಟ್ ತೆಗೆಸಿ ಒಯ್ದಿದ್ದರು. ಆತ ಪಟ್ಟಿ ಮುಟ್ಟಲೂ ಇಲ್ಲ. ಬಗ್ಗಿ ಚಕ್ರದ ಸಂದಿ ನೋಡಿ, "ಯಾರೋ ಕೈಯಾಡ್ಸಿದಾರೆ. ಇಪ್ಪತ್ತು ಸಾವಿರ ಕಮ್ಮಿ ಆಗುತ್ತೆ" ಎಂದ.

ರಾಯರು ಸಿಟ್ಟಾಗಲಿಲ್ಲ. ಅವರ ಕಣ್ಣು ಆಗಲೇ ಮೂಲೆಯಲ್ಲಿದ್ದ 1.8 ಟಿಎಸ್‌ಐ ಆಕ್ಟೇವಿಯಾ ಮೇಲೆ ಬಿದ್ದಿತ್ತು. 180 ಕುದುರೆ. ಹತ್ತಿರ ಹೋಗಿ ಬಾನೆಟ್ ಎತ್ತಿಸಿದರು, ಟಾರ್ಚು ಹಾಕಿ ಇಣುಕಿದರು, ಆಮೇಲೆ ಬಲು ಗಂಭೀರವಾಗಿ ಕೇಳಿದರು:

"ಇದಕ್ಕೆ ಯಾರೂ ಕೈಯಾಡ್ಸಿಲ್ಲ ತಾನೆ?"