ಹದಿನಾಲ್ಕೇ ಇಪ್ಪತ್ತು

ಡಿಪ್ಲೊಮಾ ಓದುವಾಗ ನಮ್ಮ ಲ್ಯಾಬಿನಲ್ಲಿದ್ದದ್ದು 8085 ಕಿಟ್. ಇಂಟೆಲ್‌ನವರು 1976ರಲ್ಲಿ ಹೊರತಂದ ಚಿಪ್ಪು; ವಯಸ್ಸಿನಲ್ಲೂ ಬುದ್ಧಿಯಲ್ಲೂ ನನಗಿಂತ ಹಿರಿಯ. ಕೀಬೋರ್ಡೆಂದರೆ ಸೊನ್ನೆಯಿಂದ ಎಫ್‌ವರೆಗಿನ ಗುಂಡಿಗಳು, ಪರದೆಯೆಂದರೆ ಆರು ಕೆಂಪು ಅಂಕೆ. ‘ಎಂವಿಐ ಸಿ’ ಎಂದು ಬರೆದರೆ ಅದಕ್ಕೆ ತಿಳಿಯದು. ಆಪ್‌ಕೋಡ್ ಹಾಳೆಯಲ್ಲಿ ಹುಡುಕಿ 0ಇ ಎಂದು ಒತ್ತಬೇಕು. ಅಂದರೆ ಅಸೆಂಬ್ಲರ್ ನಾನೇ. ಎಡವಟ್ಟಿನ ಮೂಲವೂ ಅದೇ.

ಪರೀಕ್ಷೆಗೆ ಬಂದದ್ದು ಐದು ಸಂಖ್ಯೆ ಕೂಡುವ ಪ್ರೋಗ್ರಾಂ: ಎರಡು, ಮೂರು, ನಾಲ್ಕು, ಐದು, ಆರು. ತರಕಾರಿ ಅಜ್ಜಿ ಕೊತ್ತಂಬರಿ ಕಟ್ಟು ಕೊಡವುತ್ತಲೇ ಹೇಳಿಬಿಡುವ ಲೆಕ್ಕ. ನನಗೆ 16 ಬೈಟು ಬೇಕಾದವು. ಎಚ್-ಎಲ್ ಜೋಡಿಗೆ ಮೊದಲ ಸಂಖ್ಯೆಯ ವಿಳಾಸ, ಸಿ ರಿಜಿಸ್ಟರಿಗೆ ಐದು, ಎ ಖಾಲಿ. ಒಂದೊಂದೇ ಕೂಡು, ಸಿಯಲ್ಲಿ ಒಂದು ಕಳೆ, ಸೊನ್ನೆಯಾಗಿಲ್ಲವೇ? 8006ಕ್ಕೆ ವಾಪಸು ಹಾರು.

ಹಾರುವ ವಿಳಾಸವನ್ನು ತಿರುಗುಮುರುಗಾಗಿ ಒತ್ತಬೇಕು: ಮೊದಲು 06, ಆಮೇಲೆ 80. ನಾನು ಸಭ್ಯಸ್ಥನಂತೆ 80, 06 ಎಂದೆ. ಪ್ರೋಗ್ರಾಂ 0680ಕ್ಕೆ ಹಾರಿ, ಕಿಟ್ಟಿನ ಸ್ವಂತ ಮಾನಿಟರ್ ಪ್ರೋಗ್ರಾಮಿನ ಅಡುಗೆಮನೆಗೇ ನುಗ್ಗಿತು. ರೀಸೆಟ್ ಒತ್ತಿ ತಿದ್ದಿದೆ. ಈ ಸಲ 06ರ ಬದಲು 03. ಅಲ್ಲಿ ಕೂತಿದ್ದದ್ದು ಸಿಗೆ ಐದು ತುಂಬುವ ಆದೇಶ. ಐದು ನಾಲ್ಕಾಗುತ್ತದೆ, ಮತ್ತೆ ಐದಾಗುತ್ತದೆ. ಕೈಸಾಲದ ಅಸಲಿನ ಹಾಗೆ, ಎಷ್ಟು ಕಟ್ಟಿದರೂ ಅಷ್ಟೇ.

ಮೂರನೇ ಸಲ ನಿಂತಿತು. ಉತ್ತರ ನೋಡಿದರೆ 14. ಬೆರಳೆಣಿಸಿದೆ. ಸಾಲದೆ ಚಪ್ಪಲಿ ಬಿಟ್ಟು ಕಾಲ್ಬೆರಳನ್ನೂ ಎಣಿಸಿದೆ. ಒಟ್ಟು ಇಪ್ಪತ್ತು, ಅನುಮಾನವೇ ಇಲ್ಲ. ಕಿಟ್ ಕೆಟ್ಟಿದೆ ಎಂದು ಸ್ವಿಚ್ಚೇ ಆರಿಸಿದೆ. ರ‍್ಯಾಮಿನಲ್ಲಿದ್ದದ್ದೆಲ್ಲ ಹೋಯಿತು.

ಆಗಲೇ ಬರಬೇಕೇ ಎಕ್ಸ್‌ಟರ್ನಲ್? “ಎಲ್ಲಪ್ಪಾ ರಿಸಲ್ಟು?”

“ಕಿಟ್ ಸರಿಯಿಲ್ಲ ಸಾರ್. 20 ಬರಬೇಕಾದಲ್ಲಿ 14 ಅಂತಿತ್ತು.”

ಅವರು ನನ್ನ ಬರಿಗಾಲನ್ನೊಮ್ಮೆ ನೋಡಿ, ಉತ್ತರಪತ್ರಿಕೆಯ ಅಂಚಿನಲ್ಲಿ ಬರೆದರು: ಒಂದು ಹದಿನಾರು, ಮೇಲೆ ನಾಲ್ಕು. ಹೆಕ್ಸಾಡೆಸಿಮಲ್!

ಐವತ್ತಕ್ಕೆ ಬಂದ ಅಂಕ 14. ಮನೆಯಲ್ಲಿ ಧೈರ್ಯ ಮಾಡಿ ಹೇಳಿದೆ: “ಅಪ್ಪಾ, ಮಷಿನ್ ಲೆಕ್ಕದಲ್ಲಿ ಅದು ಇಪ್ಪತ್ತು.” ಹದಿನಾರರ ಲೆಕ್ಕವನ್ನೂ ಬಿಡಿಸಿ ವಿವರಿಸಿದೆ. ಅಪ್ಪ ಗಮನವಿಟ್ಟು ಕೇಳಿದರು.

ತಿಂಗಳ ಖರ್ಚಿಗೆ 250 ರೂಪಾಯಿ ಕೇಳಿದಾಗ ನೂರರ ಒಂದೇ ನೋಟು ಕೈಗಿಟ್ಟರು.

“ನಿನ್ನ ಮಷಿನ್ ಲೆಕ್ಕದಲ್ಲಿ ಇದು 256 ಅಲ್ವೇನೋ? ಮಿಕ್ಕ ಆರು ರೂಪಾಯಿ ವಾಪಸ್ ಕೊಡು.”